ಶಾಖದಿಂದಲೇ ನೀರನ್ನು ಒಡೆದು ಹೈಡ್ರೋಜನ್ ಪಡೆಯುವುದು: ತೊಡಕು ರಸಾಯನದಲ್ಲಿದೆಯೇ, ಶಾಖದ ಲೆಕ್ಕದಲ್ಲಿದೆಯೇ?

ಉಷ್ಣಪಥಿಕ

ಶುದ್ಧ ಹೈಡ್ರೋಜನ್ ಎಂದೊಡನೆ ಚರ್ಚೆ ವಿದ್ಯುದ್ವಿಭಜನೆಯ, ಅಂದರೆ ವಿದ್ಯುತ್ತಿನಿಂದ ನೀರನ್ನು ಒಡೆಯುವುದರ ಕಡೆಗೇ ಹೊರಳುತ್ತದೆ. ಶಾಖದಿಂದ ನಡೆಯುವ ರಾಸಾಯನಿಕ ಕ್ರಿಯೆಗಳ, ಅಂದರೆ ಉಷ್ಣರಾಸಾಯನಿಕ ಮಾರ್ಗಕ್ಕೆಂದೇ ಒಂದು ಪ್ರತ್ಯೇಕ ಚರ್ಚೆ ಇರಲಿ ಎಂಬ ಉದ್ದೇಶದಿಂದ ಇದನ್ನು ಆರಂಭಿಸುತ್ತಿದ್ದೇನೆ.

ಜಗತ್ತು ಈಗ ವರ್ಷಕ್ಕೆ ಸುಮಾರು 10 ಕೋಟಿ ಟನ್ ಹೈಡ್ರೋಜನ್ ಬಳಸುತ್ತಿದೆ. ಅದರಲ್ಲಿ ಹೆಚ್ಚಿನ ಪಾಲು ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಅನಿಲದಿಂದ ಒಂದು ಕಿಲೋಗ್ರಾಂ ಹೈಡ್ರೋಜನ್ ತಯಾರಿಸುವಾಗ 9ರಿಂದ 10 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದಕ್ಕೆ ಬದಲಾಗಿ ಸೌರಗೋಪುರದ (ಕನ್ನಡಿಗಳು ಬಿಸಿಲನ್ನು ಕೇಂದ್ರೀಕರಿಸುವ ಗೋಪುರದ) ಅಥವಾ ಪರಮಾಣು ರಿಯಾಕ್ಟರಿನ ಶಾಖವನ್ನು ಮೊದಲು ವಿದ್ಯುತ್ತಾಗಿಸಿ, ಆ ವಿದ್ಯುತ್ತಿನಿಂದ ನೀರನ್ನು ಒಡೆಯುವುದಾದರೆ ಎರಡು ಕಡೆ ನಷ್ಟವನ್ನು ಹೊರಬೇಕಾಗುತ್ತದೆ. ಶಾಖವನ್ನೇ ನೇರವಾಗಿ ರಾಸಾಯನಿಕ ಕ್ರಿಯೆಗಳಿಗೆ ಕೊಟ್ಟು ನೀರನ್ನು ಒಡೆಯಬಹುದೆಂದು 1960ರ ದಶಕದಿಂದಲೂ ಗೊತ್ತಿದೆ. ಹಾಗಿದ್ದರೂ ಈ ಮಾರ್ಗದ ಒಂದು ವಾಣಿಜ್ಯ ಸ್ಥಾವರವೂ ಏಕಿಲ್ಲ? ಸರಿಯಾದ ರಾಸಾಯನಿಕ ಚಕ್ರ ಇನ್ನೂ ಸಿಕ್ಕಿಲ್ಲವೇ, ಅಥವಾ ತೊಡಕು ಬೇರೆಲ್ಲೋ ಇದೆಯೇ? ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ರಸಾಯನಮಿತ್ರ

ಮೂಲತತ್ತ್ವದಿಂದ ಆರಂಭಿಸಿದರೆ ಮುಂದಿನ ಚರ್ಚೆ ಸುಲಭವಾಗುತ್ತದೆ.

ಉಗಿಯನ್ನು ಕಾಯಿಸುತ್ತಾ ಹೋದರೆ ಒಂದು ಹಂತದಲ್ಲಿ ಅದು ತಾನಾಗಿಯೇ ಒಡೆಯುತ್ತದೆ ಎಂಬುದು ನಿಜ. ಆದರೆ ಸಾಮಾನ್ಯ ವಾಯುಒತ್ತಡದಲ್ಲಿ ಸುಮಾರು 2,200 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ನೂರರಲ್ಲಿ ಮೂರರಷ್ಟು ಅಣುಗಳು ಮಾತ್ರ ಒಡೆದಿರುತ್ತವೆ, ಮತ್ತು ಶಕ್ತಿಯ ಸಮತೋಲ ಪೂರ್ತಿಯಾಗಿ ವಿಭಜನೆಯ ಕಡೆಗೆ ವಾಲಬೇಕಾದರೆ ಉಷ್ಣತೆ 4,000 ಡಿಗ್ರಿಯ ಆಸುಪಾಸಿಗೆ ಏರಬೇಕು. ಅಷ್ಟು ಬಿಸಿಯನ್ನು ತಾಳುವ ಪಾತ್ರೆ ಯಾವುದು ಎಂಬುದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಹೈಡ್ರೋಜನ್ ಮತ್ತು ಆಮ್ಲಜನಕ ಒಂದೇ ಕೋಣೆಯಲ್ಲಿ ಒಟ್ಟಿಗೆ ಹುಟ್ಟುವುದರಿಂದ, ಅವನ್ನು ಆ ಬಿಸಿಯಲ್ಲೇ ಬೇರ್ಪಡಿಸದಿದ್ದರೆ ತಣಿಯುವಾಗ ಮತ್ತೆ ಸ್ಫೋಟಕವಾಗಿ ಕೂಡಿಕೊಳ್ಳುತ್ತವೆ.

ಬಹುಹಂತದ ಚಕ್ರಗಳು ಈ ಎರಡು ಕಷ್ಟಗಳನ್ನೂ ಒಟ್ಟಿಗೇ ದಾಟುತ್ತವೆ. ಆಮ್ಲಜನಕ ಹೊರಬರುವ, ಅಂದರೆ ಎಂಟ್ರೋಪಿ (ಅಣುಗಳ ಅಸ್ತವ್ಯಸ್ತತೆಯ ಅಳತೆ) ಹೆಚ್ಚುವ ಕ್ರಿಯೆಯನ್ನು ಹೆಚ್ಚಿನ ಉಷ್ಣತೆಯಲ್ಲಿಯೂ, ಎಂಟ್ರೋಪಿ ಕಡಿಮೆಯಾಗುವ ಕ್ರಿಯೆಯನ್ನು ಕಡಿಮೆ ಉಷ್ಣತೆಯಲ್ಲಿಯೂ ನಡೆಸಿ, ನಡುವಿನ ರಾಸಾಯನಿಕಗಳನ್ನು ಮರಳಿ ಮೊದಲ ಸ್ಥಿತಿಗೆ ತಂದರೆ, ಒಟ್ಟಾರೆಯಾಗಿ ಒಳಗೆ ಹೋಗುವುದು ನೀರು ಮತ್ತು ಶಾಖ, ಹೊರಬರುವುದು ಬೇರೆ ಬೇರೆ ಜಾಗಗಳಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕ. ಈ ದೃಷ್ಟಿಯಿಂದ ಪ್ರತಿಯೊಂದು ಚಕ್ರವೂ ಒಂದು ಶಾಖ ಎಂಜಿನ್ನೇ ಆಗಿದೆ. ಅದು ಮಾಡುವ ಕೆಲಸ ಮಾತ್ರ ರಾಸಾಯನಿಕ ರೂಪದಲ್ಲಿ ಸಿಗುತ್ತದೆ, ಮತ್ತು ಶಾಖದಿಂದ ಪಡೆಯಬಹುದಾದ ಕೆಲಸಕ್ಕೆ ಕಾರ್ನೋ ವಿಧಿಸಿದ ಮಿತಿ ಅದಕ್ಕೂ ಅನ್ವಯಿಸುತ್ತದೆ. ಸಂಶೋಧಕರಾದ ಫಂಕ್ ಮತ್ತು ರೈನ್‌ಸ್ಟ್ರೋಮ್ 1966ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ಲೆಕ್ಕಾಚಾರಕ್ಕೆ ಅಡಿಪಾಯ ಹಾಕಿತು. ಇಟಲಿಯ ಇಸ್ಪ್ರಾ ಸಂಶೋಧನಾ ಕೇಂದ್ರದಲ್ಲಿ ಡಿ ಬೇನಿ ಮತ್ತು ಮಾರ್ಕೆಟ್ಟಿ ರೂಪಿಸಿದ ಮಾರ್ಕ್-1 ಚಕ್ರ ಕ್ಯಾಲ್ಸಿಯಂ ಬ್ರೋಮೈಡ್ ಮತ್ತು ಪಾದರಸವನ್ನು ಬಳಸುತ್ತಿತ್ತು. ದೊಡ್ಡ ಪ್ರಮಾಣದಲ್ಲಿ ಪಾದರಸವನ್ನು ಸುತ್ತಿಸುವುದನ್ನು ಇಂದು ಯಾರೂ ಒಪ್ಪಲಾರರು. 1973ರ ತೈಲ ಬಿಕ್ಕಟ್ಟಿನ ನಂತರ ಕಾಗದದ ಮೇಲೆ ನೂರಾರು ಚಕ್ರಗಳು ಹುಟ್ಟಿಕೊಂಡವು, ಪ್ರಯೋಗಾಲಯದಲ್ಲಿ ಸಂಪೂರ್ಣ ಸುತ್ತು ಪೂರೈಸಿದವು ಕೆಲವೇ.

ಹೀಗೆ ಉಳಿದುಕೊಂಡವುಗಳಲ್ಲಿ ಅತ್ಯಂತ ಹೆಚ್ಚು ಅಧ್ಯಯನವಾಗಿರುವುದು ಅಮೆರಿಕದ ಜನರಲ್ ಅಟಾಮಿಕ್ಸ್ ಸಂಸ್ಥೆ 1970ರ ದಶಕದಲ್ಲಿ ಬೆಳೆಸಿದ ಗಂಧಕ-ಅಯೋಡಿನ್ ಚಕ್ರ. ಅದರ ಮೊದಲ ಹೆಜ್ಜೆಯಾದ ಬುನ್ಸೆನ್ ಕ್ರಿಯೆಯಲ್ಲಿ ಅಯೋಡಿನ್, ಸಲ್ಫರ್ ಡೈಆಕ್ಸೈಡ್ ಮತ್ತು ನೀರು ಸುಮಾರು 120 ಡಿಗ್ರಿಯಲ್ಲಿ ಸೇರಿ ಗಂಧಕಾಮ್ಲ ಮತ್ತು ಹೈಡ್ರೋಜನ್ ಅಯೋಡೈಡ್ ಎಂಬ ಎರಡು ಆಮ್ಲಗಳಾಗುತ್ತವೆ. ಗಂಧಕಾಮ್ಲವನ್ನು 850 ಡಿಗ್ರಿಯ ಆಸುಪಾಸಿನಲ್ಲಿ ಒಡೆದರೆ ಆಮ್ಲಜನಕ ಹೊರಬಂದು ಸಲ್ಫರ್ ಡೈಆಕ್ಸೈಡ್ ಮರಳಿ ಸಿಗುತ್ತದೆ. ಹೈಡ್ರೋಜನ್ ಅಯೋಡೈಡನ್ನು ಸುಮಾರು 450 ಡಿಗ್ರಿಯಲ್ಲಿ ಒಡೆದರೆ ಹೈಡ್ರೋಜನ್ ಹೊರಬಂದು ಅಯೋಡಿನ್ ಮರಳುತ್ತದೆ. ಎಲ್ಲವೂ ದ್ರವ ಅಥವಾ ಅನಿಲ ರೂಪದಲ್ಲಿರುವುದರಿಂದ ಪಂಪು ಮಾಡಬಹುದು. ರಸಾಯನದ ದೃಷ್ಟಿಯಿಂದ ಇದಕ್ಕಿಂತ ಅಂದವಾದ ಚಕ್ರವನ್ನು ನಾನು ಕಂಡಿಲ್ಲ. ಆದ್ದರಿಂದ ಉಷ್ಣಪಥಿಕ ಅವರ ಪ್ರಶ್ನೆಗೆ ನನ್ನ ಉತ್ತರವೆಂದರೆ, ಸರಿಯಾದ ಚಕ್ರ ಸಿಕ್ಕು ಬಹಳ ಕಾಲವಾಗಿದೆ.

ಸ್ಥಾವರಕರ್ಮಿ

ರಸಾಯನಮಿತ್ರ ಅವರ ವಿವರಣೆ ಸ್ಪಷ್ಟವಾಗಿದೆ. ಆಮ್ಲಗಳ ಬಟ್ಟಿ ಇಳಿಸುವಿಕೆಯ ಕೆಲಸದಲ್ಲಿ ಇರುವವನಾಗಿ, ಆ ಅಂದವಾದ ಚಕ್ರ ಕೊಳವೆಗಳೊಳಗೆ ಇಳಿದಾಗ ಏನಾಗುತ್ತದೆ ಎಂಬುದನ್ನು ಸೇರಿಸುತ್ತೇನೆ.

ಬುನ್ಸೆನ್ ಕ್ರಿಯೆಯಲ್ಲಿ ಹುಟ್ಟುವ ಎರಡು ಆಮ್ಲಗಳು ಒಂದರಲ್ಲೊಂದು ಬೆರೆತುಹೋದರೆ ಚಕ್ರ ಅಲ್ಲಿಗೇ ನಿಲ್ಲುತ್ತದೆ. ಅವು ತಾವಾಗಿಯೇ ಎರಡು ಪದರಗಳಾಗಿ ಬೇರ್ಪಡಲೆಂದು ಅಯೋಡಿನ್ನನ್ನೂ ನೀರನ್ನೂ ಅಗತ್ಯಕ್ಕಿಂತ ಬಹಳ ಹೆಚ್ಚು ಹಾಕುತ್ತಾರೆ. ಸಾಮಾನ್ಯವಾಗಿ ಉಲ್ಲೇಖಿಸುವ ಪ್ರಮಾಣದಲ್ಲಿ, ಒಂದು ಮೋಲ್ (ಅಣುಗಳ ಸಂಖ್ಯೆಯನ್ನು ಎಣಿಸುವ ಅಳತೆ) ಹೈಡ್ರೋಜನ್ನಿಗೆ ಕ್ರಿಯೆಯಲ್ಲಿ ಪಾಲ್ಗೊಳ್ಳದ ಎಂಟು ಮೋಲ್ ಅಯೋಡಿನ್ ಜೊತೆಯಲ್ಲಿ ಸುತ್ತುತ್ತಿರುತ್ತದೆ. ತೂಕಕ್ಕೆ ಪರಿವರ್ತಿಸಿ ನೋಡಿದರೆ, ಒಂದು ಕಿಲೋಗ್ರಾಂ ಹೈಡ್ರೋಜನ್ ಪಡೆಯಲು ಸುಮಾರು ಒಂದು ಟನ್ ಅಯೋಡಿನ್ ಸುಮ್ಮನೆ ಕಾಯುತ್ತಾ ತಣಿಯುತ್ತಾ ಕೊಳವೆಗಳಲ್ಲಿ ಓಡಾಡಬೇಕು. ಅಯೋಡಿನ್ ಸುಮಾರು 114 ಡಿಗ್ರಿಯ ಕೆಳಗೆ ಗಟ್ಟಿಯಾಗುವ ವಸ್ತು. ಕೊಳವೆಯ ಯಾವುದೋ ಒಂದು ಮೂಲೆ ತಣ್ಣಗಾದರೆ ಸಾಕು, ಅಲ್ಲಿ ಅದು ಹೆಪ್ಪುಗಟ್ಟಿ ಹರಿವನ್ನು ತಡೆಯುತ್ತದೆ.

ನೀರಿನ ವಿಷಯವೂ ಹೀಗೆಯೇ. ಹೈಡ್ರೋಜನ್ ಅಯೋಡೈಡ್ ಮತ್ತು ನೀರು ಶೇ 57ರ ಸುಮಾರಿನಲ್ಲಿ ಅಜಿಯೋಟ್ರೋಪ್, ಅಂದರೆ ಒಂದೇ ಪ್ರಮಾಣದಲ್ಲಿ ಕುದಿದು ಆವಿಯಾಗುವ ಮಿಶ್ರಣ ಆಗುವುದರಿಂದ ಸಾಮಾನ್ಯ ಬಟ್ಟಿ ಇಳಿಸುವಿಕೆಯಿಂದ ಅದಕ್ಕಿಂತ ಮುಂದೆ ಸಾಂದ್ರಗೊಳಿಸಲು ಆಗುವುದಿಲ್ಲ. ಅದನ್ನು ದಾಟಲು ವಿದ್ಯುತ್-ಪೊರೆ ವಿಧಾನ, ಫಾಸ್ಫಾರಿಕ್ ಆಮ್ಲದ ಸೇರ್ಪಡೆ, ಹೆಚ್ಚಿನ ಒತ್ತಡದ ಬಟ್ಟಿ ಹೀಗೆ ನಾನಾ ದಾರಿಗಳನ್ನು ಹುಡುಕಿದ್ದಾರೆ, ಪ್ರತಿಯೊಂದೂ ತನ್ನ ಪಾಲಿನ ಶಕ್ತಿಯನ್ನು ಕೇಳುತ್ತದೆ. ಇಷ್ಟೆಲ್ಲ ಆದ ಮೇಲೂ 450 ಡಿಗ್ರಿಯಲ್ಲಿ ಒಂದು ಸಲ ಹಾದುಹೋಗುವಾಗ ಹೈಡ್ರೋಜನ್ ಅಯೋಡೈಡಿನ ಐದನೇ ಒಂದು ಭಾಗದಷ್ಟು ಮಾತ್ರ ಒಡೆಯುತ್ತದೆ, ಉಳಿದದ್ದನ್ನು ಮತ್ತೆ ಸುತ್ತಿಗೆ ಕಳುಹಿಸಬೇಕು.

ಇನ್ನು ಲೋಹಗಳ ಗತಿ. ಕುದಿಯುವ ಗಂಧಕಾಮ್ಲದ ಮುಂದೆ ಸಾಮಾನ್ಯ ಉಕ್ಕು ಬಾಳುವುದಿಲ್ಲ, ಆದ್ದರಿಂದ ಸಿಲಿಕಾನ್ ಕಾರ್ಬೈಡ್ ಪಿಂಗಾಣಿ ಬೇಕು. ಅಯೋಡಿನ್ ಮಿಶ್ರಿತ ಆಮ್ಲಕ್ಕೆ ಟ್ಯಾಂಟಲಮ್ ಅಥವಾ ಗಾಜಿನ ಲೇಪನದ ಉಕ್ಕು ಬೇಕು. ಜಪಾನಿನ ಪರಮಾಣು ಶಕ್ತಿ ಸಂಸ್ಥೆ ಕೈಗಾರಿಕಾ ವಸ್ತುಗಳಿಂದಲೇ ಕಟ್ಟಿದ ಪರೀಕ್ಷಾ ಘಟಕವನ್ನು 2019ರಲ್ಲಿ ಗಂಟೆಗೆ ಸುಮಾರು 30 ಲೀಟರ್ ಹೈಡ್ರೋಜನ್ ಪ್ರಮಾಣದಲ್ಲಿ 150 ಗಂಟೆ ನಡೆಸಿತು. ಈ ಕ್ಷೇತ್ರದಲ್ಲಿ ಅದು ನಿಜವಾದ ಸಾಧನೆ, ಅದನ್ನು ಮನಸಾರೆ ಗೌರವಿಸುತ್ತೇನೆ. ಆದರೂ ಒಟ್ಟು ಉತ್ಪಾದನೆ ಅರ್ಧ ಕಿಲೋಗ್ರಾಂ ಹೈಡ್ರೋಜನ್ನಿಗಿಂತ ಕಡಿಮೆ ಎಂಬುದನ್ನು ಗಮನಿಸಬೇಕು. ಕಾಗದದ ಮೇಲೆ ಈ ಚಕ್ರಕ್ಕೆ ಶೇ 40ಕ್ಕೂ ಹೆಚ್ಚಿನ ದಕ್ಷತೆಯನ್ನು ಬರೆಯುವವರು, ಸುತ್ತುವ ಆ ಒಂದು ಟನ್ ಅಯೋಡಿನ್ ಮತ್ತು ಅದರ ಜೊತೆಯ ನೀರಿನ ಶಾಖವೆಲ್ಲ ಉಷ್ಣ ವಿನಿಮಯಕಗಳಲ್ಲಿ ಬಹುತೇಕ ಪೂರ್ತಿಯಾಗಿ ಮರಳಿ ಸಿಗುತ್ತದೆ ಎಂದು ಭಾವಿಸಿಕೊಂಡಿರುತ್ತಾರೆ.

ಸೂರ್ಯಶಿಲ್ಪಿ

ಸ್ಥಾವರಕರ್ಮಿ ಅವರು ಎತ್ತಿದ ಅಂಶವೇ ಸೌರ ಚಕ್ರಗಳಲ್ಲಿ ಇನ್ನಷ್ಟು ತೀವ್ರವಾಗಿ ಕಾಣುತ್ತದೆ. ಅಲ್ಲಿ ಆಮ್ಲಗಳ ಕಾಟವಿಲ್ಲ, ಹಂತಗಳು ಎರಡೇ. ಲೋಹದ ಆಕ್ಸೈಡನ್ನು ಕೇಂದ್ರೀಕೃತ ಬಿಸಿಲಿನಲ್ಲಿ ಕಾಯಿಸಿದಾಗ ಅದು ಸ್ವಲ್ಪ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ತಣಿಸಿ ಉಗಿಯನ್ನು ಹಾಯಿಸಿದಾಗ ಉಗಿಯಿಂದ ಆಮ್ಲಜನಕವನ್ನು ಕಿತ್ತುಕೊಂಡು ಹೈಡ್ರೋಜನ್ನನ್ನು ಬಿಡುಗಡೆ ಮಾಡುತ್ತದೆ. 1977ರಲ್ಲಿ ನಕಮುರ ಅವರು ಸೂಚಿಸಿದ ಕಬ್ಬಿಣದ ಆಕ್ಸೈಡ್ ಚಕ್ರ ಈ ದಾರಿಯ ಆರಂಭ. ಅದರಲ್ಲಿ ಆಕ್ಸೈಡ್ ಕರಗಿಹೋಗುತ್ತಿತ್ತು. ಸತುವಿನ ಆಕ್ಸೈಡ್ ಬಳಸಿದಾಗ ಸತುವಿನ ಆವಿ ಆಮ್ಲಜನಕದೊಂದಿಗೆ ಮರುಕೂಡುವುದನ್ನು ತಡೆಯಲು ಥಟ್ಟನೆ ತಣಿಸಬೇಕಾಗುತ್ತಿತ್ತು. 2006ರಲ್ಲಿ ಫ್ರಾನ್ಸಿನ ಅಬನಾಡೆಸ್ ಮತ್ತು ಫ್ಲಾಮಾಂ ಅವರು ಸೀರಿಯಂ ಆಕ್ಸೈಡನ್ನು ಈ ಕೆಲಸಕ್ಕೆ ತಂದರು. 2010ರಲ್ಲಿ ಚುಯೆ, ಹೈಲೆ, ಸ್ಟೈನ್‌ಫೆಲ್ಡ್ ಮತ್ತು ಸಂಗಡಿಗರು ಆಕ್ಸೈಡನ್ನು ಘನರೂಪದಲ್ಲೇ ಉಳಿಸಿಕೊಂಡು ಸುಮಾರು 1,500 ಡಿಗ್ರಿಯಲ್ಲಿ ಅಪಕರ್ಷಣವನ್ನು (ಆಮ್ಲಜನಕ ಬಿಡುವ ಹಂತವನ್ನು) ನಡೆಸಿ, 500 ಸುತ್ತುಗಳವರೆಗೆ ಅದು ಸ್ಥಿರವಾಗಿರುವುದನ್ನು ತೋರಿಸಿದರು.

ಆ ಪ್ರಯೋಗದಲ್ಲಿ ಬಿಸಿಲಿನಿಂದ ಇಂಧನಕ್ಕೆ ದಕ್ಕಿದ ದಕ್ಷತೆ ಶೇ 0.7ರಿಂದ 0.8. ಇದಕ್ಕೆ ಕಾರಣ ರಸಾಯನಕ್ಕಿಂತ ಹೆಚ್ಚಾಗಿ ವ್ಯವಸ್ಥೆಯ ಗಾತ್ರ ಮತ್ತು ವಿನ್ಯಾಸ ಎಂದು ಅವರೇ ಬರೆದಿದ್ದಾರೆ. ಈ ಮಾತನ್ನು ಒಂದು ಸರಳ ಲೆಕ್ಕದಿಂದ ಪರೀಕ್ಷಿಸಬಹುದು.

ಸೀರಿಯಂ ಆಕ್ಸೈಡಿನ ಒಂದು ಮೋಲ್ ತೂಕ 172 ಗ್ರಾಂ. ಪ್ರತಿ ಸುತ್ತಿನಲ್ಲಿ ಅದು ಬಿಟ್ಟುಕೊಡುವ ಆಮ್ಲಜನಕದ ಪರಮಾಣುಗಳು ಮೋಲಿಗೆ 0.03 ಮೋಲ್‌ನಷ್ಟು ಎಂದಿಟ್ಟುಕೊಂಡರೆ, ಸಿಗುವ ಹೈಡ್ರೋಜನ್ನೂ ಅಷ್ಟೇ, ಅಂದರೆ ಸುಮಾರು 0.06 ಗ್ರಾಂ. ಹೀಗಾಗಿ ಒಂದೇ ಸುತ್ತಿನಲ್ಲಿ ಒಂದು ಕಿಲೋಗ್ರಾಂ ಹೈಡ್ರೋಜನ್ ಬೇಕಾದರೆ ಸುಮಾರು 2.9 ಟನ್ ಆಕ್ಸೈಡನ್ನು ಕಾಯಿಸಬೇಕು. ಉಗಿ ಹಾಯಿಸುವುದು 900 ಡಿಗ್ರಿಯಲ್ಲಿ, ಅಪಕರ್ಷಣ 1,500 ಡಿಗ್ರಿಯಲ್ಲಿ ಎಂದಾದರೆ, 600 ಡಿಗ್ರಿಯ ಈ ಏರಿಕೆಗೆ ಮೋಲಿಗೆ ಸುಮಾರು 48 ಕಿಲೋಜೂಲ್ ಬೇಕಾಗುತ್ತದೆ. ಇದನ್ನು ಒಂದು ಮೋಲ್ ಹೈಡ್ರೋಜನ್ನಿನ ಲೆಕ್ಕಕ್ಕೆ ತಂದರೆ 1,600 ಕಿಲೋಜೂಲ್. ಆ ಹೈಡ್ರೋಜನ್ ಉರಿದಾಗ ಕೊಡುವುದು 242 ಕಿಲೋಜೂಲ್ ಮಾತ್ರ. ಚೊಂಬು ನೀರಿಗಾಗಿ ಇಡೀ ಹಂಡೆಯನ್ನು ಕಾಯಿಸಿ, ತಣಿಯಲು ಬಿಟ್ಟು, ಮತ್ತೆ ಕಾಯಿಸಿದಂತೆ ಇದು. ಕ್ರಿಯೆಗೆಂದೇ ಬೇರೆಯಾಗಿ ಬೇಕಾದ ಶಾಖ ಇದರ ಮೂರನೇ ಒಂದು ಪಾಲಿಗಿಂತ ಕಡಿಮೆ; ಈ 1,600 ಕಿಲೋಜೂಲ್ ಎಲ್ಲವೂ ಆಕ್ಸೈಡಿನ ಮೈಯನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ.

ಇದರ ಮೇಲೆ ವಿಕಿರಣದ ನಷ್ಟವನ್ನೂ ಸೇರಿಸಬೇಕು. 1,500 ಡಿಗ್ರಿಯಲ್ಲಿರುವ ಕುಲುಮೆಯ ಬಾಯಿ ಚದರ ಮೀಟರಿಗೆ ಸುಮಾರು 560 ಕಿಲೋವ್ಯಾಟ್ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ. ಕನ್ನಡಿಗಳು ಬಿಸಿಲನ್ನು ಸಾವಿರ ಪಟ್ಟು ಮಾತ್ರ ಕೇಂದ್ರೀಕರಿಸಿದರೆ ಒಳಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆಯೇ ಹೋಗುತ್ತದೆ. ಎರಡು ಸಾವಿರ ಪಟ್ಟು ಕೇಂದ್ರೀಕರಿಸಿದರೆ ಶೇ 28ಕ್ಕೆ ಇಳಿಯುತ್ತದೆ. ಹಾಗಾಗಿ ಕನ್ನಡಿಗಳ ನಿಖರತೆಯೂ ಈ ಕಥೆಯಲ್ಲಿ ಆಕ್ಸೈಡಿನಷ್ಟೇ ಮುಖ್ಯ.

ಧನಾಗ್ರ

ಲೆಕ್ಕಗಳನ್ನು ತೆರೆದಿಟ್ಟಿದ್ದಕ್ಕೆ ಧನ್ಯವಾದಗಳು. ಆದರೆ ಇದೇ ಲೆಕ್ಕ ನನ್ನನ್ನು ವಿದ್ಯುದ್ವಿಭಜನೆಯ ಕಡೆಗೆ ತಳ್ಳುತ್ತದೆ. ಇಂದಿನ ವಿದ್ಯುದ್ವಿಭಜಕಗಳು ಒಂದು ಕಿಲೋಗ್ರಾಂ ಹೈಡ್ರೋಜನ್ನಿಗೆ 50ರಿಂದ 55 ಯೂನಿಟ್ ವಿದ್ಯುತ್ ಬಳಸುತ್ತವೆ. ಅದರಲ್ಲಿ ಮರಳಿ ಸಿಗಬಹುದಾದ ಶಕ್ತಿ 33 ಯೂನಿಟ್. ಶೇ 22 ದಕ್ಷತೆಯ ಸೌರಫಲಕಗಳಿಗೆ ಇದನ್ನು ಜೋಡಿಸಿದರೆ ಬಿಸಿಲಿನಿಂದ ಹೈಡ್ರೋಜನ್ನಿಗೆ ಶೇ 13ರಿಂದ 14ರಷ್ಟು ದಕ್ಕುತ್ತದೆ, ಅದೂ ಮಾರುಕಟ್ಟೆಯಲ್ಲಿ ಸಿಗುವ ಯಂತ್ರಗಳಿಂದ. ಸೌರಫಲಕಗಳು ಮೋಡದ ಚದುರಿದ ಬೆಳಕಿನಲ್ಲೂ ಅಷ್ಟಿಷ್ಟು ಕೆಲಸ ಮಾಡುತ್ತವೆ, ಕನ್ನಡಿಗಳಿಗೆ ನೇರ ಬಿಸಿಲೇ ಬೇಕು. ಸೀರಿಯಂ ಆಕ್ಸೈಡ್ ಚಕ್ರದಲ್ಲಿ ಈವರೆಗೆ ಅಳೆದು ತೋರಿಸಿರುವುದು ಶೇ 5ರ ಆಸುಪಾಸು, ಅದೂ ಇಂಗಾಲದ ಡೈಆಕ್ಸೈಡನ್ನು ಒಡೆಯುವಾಗ. ಮೂರು ಪಟ್ಟು ಹಿಂದಿರುವ ಮಾರ್ಗದ ಮೇಲೆ ಇನ್ನೂ ಶ್ರಮ ಹಾಕುವುದಕ್ಕೆ ಬಲವಾದ ಕಾರಣ ಏನು?

ಸೂರ್ಯಶಿಲ್ಪಿ

ಧನಾಗ್ರ ಅವರೇ, ನಿಮ್ಮ ಹೋಲಿಕೆ ನ್ಯಾಯವಾಗಿದೆ, ಅದನ್ನು ತಪ್ಪಿಸಿಕೊಂಡು ಹೋಗುವ ಉಷ್ಣರಾಸಾಯನಿಕ ಲೇಖನಗಳನ್ನು ನಾನೂ ನಂಬುವುದಿಲ್ಲ. ಶೇ 20ನ್ನು ದಾಟುವ ದಾರಿ ಕಾಣದಿದ್ದರೆ ಈ ಮಾರ್ಗಕ್ಕೆ ಅರ್ಥವಿಲ್ಲ.

ನನ್ನ ಲೆಕ್ಕದ ಇನ್ನೊಂದು ಮುಖವನ್ನೂ ನೋಡಿ. ಆ 1,600 ಕಿಲೋಜೂಲಿನಲ್ಲಿ ಐದರಲ್ಲಿ ನಾಲ್ಕು ಭಾಗವನ್ನು, ತಣಿಯುವ ಆಕ್ಸೈಡಿನಿಂದ ಕಾಯಬೇಕಾದ ಆಕ್ಸೈಡಿಗೆ ದಾಟಿಸಲು ಸಾಧ್ಯವಾದರೆ, ರಸಾಯನದಲ್ಲಿ ಏನನ್ನೂ ಬದಲಿಸದೆ ಒಟ್ಟು ಶಾಖದ ಅಗತ್ಯ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅನಿಲದಿಂದ ಅನಿಲಕ್ಕೆ ಶಾಖ ದಾಟಿಸುವುದು ಎಂಜಿನಿಯರುಗಳಿಗೆ ಹಳೆಯ ವಿದ್ಯೆ. 1,500 ಡಿಗ್ರಿಯ ಘನವಸ್ತುವಿನಿಂದ ಮತ್ತೊಂದು ಘನವಸ್ತುವಿಗೆ, ನಡುವೆ ಆಮ್ಲಜನಕ ನುಸುಳದಂತೆ ದಾಟಿಸುವುದು ಇನ್ನೂ ಕೈವಶವಾಗಿಲ್ಲ. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡವೊಂದು ರಿಯಾಕ್ಟರುಗಳನ್ನು ರೈಲಿನ ಬೋಗಿಗಳಂತೆ ವೃತ್ತಾಕಾರದ ಹಳಿಯ ಮೇಲೆ ಸಾಗಿಸಿ, ಬಿಸಿಯಾದ ಬೋಗಿ ತಣ್ಣಗಿನ ಬೋಗಿಯ ಪಕ್ಕ ಹಾದುಹೋಗುವಾಗ ಶಾಖ ಬದಲಾಯಿಸಿಕೊಳ್ಳುವ ವಿನ್ಯಾಸವನ್ನು ಪ್ರಕಟಿಸಿತು. ಸೌರಶಾಖದ ಶೇ 40ರವರೆಗೆ ಹೈಡ್ರೋಜನ್ನಿಗೆ ತಿರುಗಿಸಬಹುದೆಂಬುದು ಅವರ ಅಂದಾಜು. ಅದು ಗಣಕದ ಮಾದರಿಯಿಂದ ಬಂದ ಸಂಖ್ಯೆ ಎಂಬುದನ್ನು ಮರೆಯಬಾರದು, ಆದರೆ ಸರಿಯಾದ ಜಾಗಕ್ಕೆ ಕೈ ಹಾಕಿದ ಕೆಲಸ ಎಂದು ನನ್ನ ಅಭಿಪ್ರಾಯ. ಸ್ಪೇನಿನ ಮೋಸ್ಟೊಲೆಸ್‌ನಲ್ಲಿ ಸೌರಗೋಪುರದ ಮೇಲೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಎರಡನ್ನೂ ಒಡೆದು ಸೀಮೆಎಣ್ಣೆಯವರೆಗೆ ತಲುಪಿದ ಘಟಕ 2022ರಲ್ಲಿ ವರದಿ ಮಾಡಿದ ಶೇ 4.1ರ ದಕ್ಷತೆಯಲ್ಲಿ ಘನವಸ್ತುವಿನ ಶಾಖವನ್ನು ಮರಳಿ ಪಡೆಯುವ ಏರ್ಪಾಡು ಇರಲಿಲ್ಲ.

ಪೆರೋವ್‌ಸ್ಕೈಟ್ ಎಂಬ ಹರಳು ರಚನೆಯ ಹೊಸ ಆಕ್ಸೈಡುಗಳ ಬಗ್ಗೆಯೂ ಒಂದು ಮಾತು. ಅವು ಕಡಿಮೆ ಉಷ್ಣತೆಯಲ್ಲೇ ಹೆಚ್ಚು ಆಮ್ಲಜನಕವನ್ನು ಬಿಡುತ್ತವೆ ಎಂಬ ಸುದ್ದಿ ಆಗಾಗ ಬರುತ್ತದೆ. ಸುಲಭವಾಗಿ ಆಮ್ಲಜನಕವನ್ನು ಬಿಡುವ ವಸ್ತು, ಉಗಿಯಿಂದ ಅದನ್ನು ಕಿತ್ತುಕೊಳ್ಳುವಾಗ ಅಷ್ಟೇ ದುರ್ಬಲವಾಗಿರುತ್ತದೆ. ಆಗ ಸಾಕಷ್ಟು ಹೈಡ್ರೋಜನ್ ಪಡೆಯಲು ಹಲವು ಪಟ್ಟು ಹೆಚ್ಚು ಉಗಿಯನ್ನು ಹಾಯಿಸಬೇಕಾಗುತ್ತದೆ, ಆ ಉಗಿಯನ್ನು ಕಾಯಿಸಲು ಮತ್ತೆ ಶಾಖ ಬೇಕು.

ಉಷ್ಣಪಥಿಕ

ಬಹಳ ಉಪಯುಕ್ತವಾದ ವಿವರಣೆಗಳು. ಶಾಖ ಮತ್ತು ವಿದ್ಯುತ್ ಎರಡನ್ನೂ ಬಳಸುವ ಮಿಶ್ರ ಚಕ್ರಗಳು ಈ ಎರಡು ಮಾರ್ಗಗಳ ನಡುವಿನ ಸೇತುವೆ ಆಗಬಲ್ಲವೇ?

ರಸಾಯನಮಿತ್ರ

ಆಗಬಲ್ಲವು, ಮತ್ತು ನನ್ನ ಭರವಸೆ ಹೆಚ್ಚಾಗಿ ಅಲ್ಲಿಯೇ ಇದೆ.

ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ 1970ರ ದಶಕದಲ್ಲಿ ರೂಪಿಸಿದ ಮಿಶ್ರ ಗಂಧಕ ಚಕ್ರದಲ್ಲಿ ಅಯೋಡಿನ್ ಇಲ್ಲವೇ ಇಲ್ಲ. ಗಂಧಕಾಮ್ಲವನ್ನು ಒಡೆಯುವ ಬಿಸಿ ಹಂತ ಹಾಗೆಯೇ ಉಳಿಯುತ್ತದೆ, ಹೈಡ್ರೋಜನ್ ಹುಟ್ಟುವುದು ಮಾತ್ರ ಒಂದು ವಿದ್ಯುತ್ಕೋಶದಲ್ಲಿ. ನೀರೊಂದನ್ನೇ ಒಡೆಯಲು ಸೈದ್ಧಾಂತಿಕವಾಗಿ ಕನಿಷ್ಠ 1.23 ವೋಲ್ಟ್ ಬೇಕು. ಸಲ್ಫರ್ ಡೈಆಕ್ಸೈಡ್ ಜೊತೆಗಿದ್ದರೆ 0.16 ವೋಲ್ಟ್ ಸಾಕು. ವಾಸ್ತವದ ಕೋಶಗಳಿಗೆ ಇಟ್ಟುಕೊಂಡಿರುವ ಗುರಿ 0.6 ವೋಲ್ಟ್. ಅದು ಸಾಧ್ಯವಾದರೆ ಒಂದು ಕಿಲೋಗ್ರಾಂ ಹೈಡ್ರೋಜನ್ನಿಗೆ ಸುಮಾರು 16 ಯೂನಿಟ್, ಅಂದರೆ ಧನಾಗ್ರ ಅವರು ಹೇಳಿದ ವಿದ್ಯುತ್ತಿನ ಮೂರನೇ ಒಂದು ಭಾಗ. ಸಲ್ಫರ್ ಡೈಆಕ್ಸೈಡ್ ಪೊರೆಯನ್ನು ದಾಟಿ ಹೈಡ್ರೋಜನ್ ಬದಿಯಲ್ಲಿ ಗಂಧಕವಾಗಿ ಕೂರುವುದು ಅಲ್ಲಿನ ಹಳೆಯ ತಲೆನೋವು, ಅಮೆರಿಕದ ಸವನ್ನಾ ರಿವರ್ ಪ್ರಯೋಗಾಲಯದವರು ಅದರ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ.

ತಾಮ್ರ-ಕ್ಲೋರಿನ್ ಚಕ್ರದ ಆಕರ್ಷಣೆಯೇ ಬೇರೆ. ಅದರ ಅತಿ ಹೆಚ್ಚಿನ ಉಷ್ಣತೆ ಸುಮಾರು 530 ಡಿಗ್ರಿ ಮಾತ್ರ, ಆದ್ದರಿಂದ ಕೊಳವೆ, ಕವಾಟ, ಶಾಖದ ಮೂಲ ಎಲ್ಲವೂ ಸ್ವಲ್ಪ ಸುಲಭವಾಗುತ್ತವೆ. ಕೆನಡಾದ ಒಂಟಾರಿಯೊ ಟೆಕ್ ವಿಶ್ವವಿದ್ಯಾಲಯವೂ, ಒಎನ್‌ಜಿಸಿ ಎನರ್ಜಿ ಸೆಂಟರ್ ಜೊತೆಗೂಡಿ ಮುಂಬೈನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೂ ಇದರ ಮೇಲೆ ಕೆಲಸ ಮಾಡಿವೆ. ಇಲ್ಲಿಯೂ ತಾಮ್ರದ ಕ್ಲೋರೈಡ್ ಉಗಿಯೊಂದಿಗೆ ವರ್ತಿಸುವ ಹಂತಕ್ಕೆ ಅಗತ್ಯಕ್ಕಿಂತ ಬಹಳ ಹೆಚ್ಚು ಉಗಿ ಬೇಕು, ಜೊತೆಗೆ ಘನ ಪುಡಿಯನ್ನು ಹಂತದಿಂದ ಹಂತಕ್ಕೆ ಸಾಗಿಸಬೇಕು. ಸ್ಥಾವರಕರ್ಮಿ ಮತ್ತು ಸೂರ್ಯಶಿಲ್ಪಿ ಇಬ್ಬರೂ ಹೇಳಿದ ಹೊರೆ ಇಲ್ಲಿ ಮೂರನೆಯ ರೂಪದಲ್ಲಿ ಎದುರಾಗುತ್ತದೆ.

ಧನಾಗ್ರ

16 ಯೂನಿಟ್ ಎಂಬ ಸಂಖ್ಯೆ ನನ್ನನ್ನು ಯೋಚನೆಗೆ ಹಚ್ಚಿದೆ. ಆದರೆ 700ರಿಂದ 800 ಡಿಗ್ರಿಯಲ್ಲಿ ಉಗಿಯನ್ನೇ ವಿದ್ಯುದ್ವಿಭಜಿಸುವ ಘನ ಆಕ್ಸೈಡ್ ಕೋಶಗಳು 40 ಯೂನಿಟ್‌ಗಳ ಆಸುಪಾಸಿಗೆ ಇಳಿದಿವೆ, ಅಲ್ಲಿ ಆಮ್ಲವೂ ಇಲ್ಲ, ಅಯೋಡಿನ್ನೂ ಇಲ್ಲ. ಮಿಶ್ರ ಗಂಧಕ ಚಕ್ರ ಉಳಿಸುವ ವಿದ್ಯುತ್ತಿಗೆ ಪ್ರತಿಯಾಗಿ ಅದು ಕೇಳುವ 850 ಡಿಗ್ರಿಯ ಶಾಖ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಉಳಿದ ಪ್ರಶ್ನೆ.

ಸ್ಥಾವರಕರ್ಮಿ

ಆ ಪ್ರಶ್ನೆಗೆ ಇಂದಿನ ಸ್ಥಿತಿಯನ್ನು ಹೇಳಬಲ್ಲೆ. ಚೀನಾದ ಶಿದಾವೊ ಕೊಲ್ಲಿಯಲ್ಲಿ 2023ರ ಡಿಸೆಂಬರಿನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಅನಿಲಶೀತಕ (ಅನಿಲ ಹಾಯಿಸಿ ಶಾಖವನ್ನು ಹೊರತರುವ) ಪರಮಾಣು ರಿಯಾಕ್ಟರಿನಿಂದ ಹೀಲಿಯಂ 750 ಡಿಗ್ರಿಯಲ್ಲಿ ಹೊರಬರುತ್ತದೆ, ಗಂಧಕಾಮ್ಲದ ವಿಭಜನೆಗೆ ಅದು ಸಾಲದು. ಜಪಾನಿನ ಓಅರಾಯಿಯಲ್ಲಿರುವ 30 ಮೆಗಾವ್ಯಾಟ್ ಉಷ್ಣಶಕ್ತಿಯ ಪರೀಕ್ಷಾ ರಿಯಾಕ್ಟರ್ 2004ರಲ್ಲಿ 950 ಡಿಗ್ರಿ ಮುಟ್ಟಿತು, 2010ರಲ್ಲಿ ಅದೇ ಉಷ್ಣತೆಯಲ್ಲಿ 50 ದಿನ ನಡೆಯಿತು, ದೀರ್ಘ ಸ್ಥಗಿತದ ನಂತರ 2021ರಲ್ಲಿ ಮತ್ತೆ ಆರಂಭವಾಯಿತು. ಅದಕ್ಕೆ ಮೊದಲು ಜೋಡಿಸಲು ಹೊರಟಿರುವುದು ಮೀಥೇನಿನಿಂದ ಹೈಡ್ರೋಜನ್ ತೆಗೆಯುವ ಘಟಕವನ್ನು. ರಿಯಾಕ್ಟರಿನ ಶಾಖವನ್ನು ರಾಸಾಯನಿಕ ಸ್ಥಾವರಕ್ಕೆ ಸುರಕ್ಷಿತವಾಗಿ ದಾಟಿಸುವುದನ್ನು ಪರಿಚಿತ ಕ್ರಿಯೆಯ ಮೇಲೆ ಮೊದಲು ಕಲಿಯುವುದು ವಿವೇಕದ ಹೆಜ್ಜೆ ಎಂದೇ ನನಗೆ ತೋರುತ್ತದೆ. ಸೌರಗೋಪುರಗಳ ಕಡೆಯಿಂದ, ಬಾಕ್ಸೈಟಿನಂಥ ಪಿಂಗಾಣಿ ಕಣಗಳನ್ನು ಬಿಸಿಲಿನಲ್ಲಿ 900 ಡಿಗ್ರಿಗಿಂತ ಮೇಲೆ ಕಾಯಿಸಿ ತೊಟ್ಟಿಯಲ್ಲಿ ಕೂಡಿಡುವ ಕೆಲಸ ನಡೆಯುತ್ತಿದೆ. ಅದು ಕೈಗೂಡಿದರೆ ಗಂಧಕದ ಚಕ್ರವನ್ನು ರಾತ್ರಿಯೂ ನಿಲ್ಲಿಸದೆ ನಡೆಸಬಹುದು. ನಿತ್ಯ ಕಾದು ತಣಿಯುವುದರಿಂದ ಪಿಂಗಾಣಿಯಲ್ಲಿ ಬಿರುಕು ಬಿಡುವ ಕಾಟವೂ ತಗ್ಗುತ್ತದೆ.

ಆದುದರಿಂದ ಯಾವುದಾದರೂ ಹೊಸ ಫಲಿತಾಂಶ ಪ್ರಕಟವಾದಾಗ ನಾನು ಗರಿಷ್ಠ ಉಷ್ಣತೆಯನ್ನಾಗಲಿ, ಕಾಗದದ ಮೇಲಿನ ದಕ್ಷತೆಯನ್ನಾಗಲಿ ಮೊದಲು ಹುಡುಕುವುದಿಲ್ಲ. ಒಂದು ಕಿಲೋಗ್ರಾಂ ಹೈಡ್ರೋಜನ್ನಿಗೆ ಎಷ್ಟು ಕಿಲೋಗ್ರಾಂ ವಸ್ತು ಸುತ್ತಿತು, ಅದರ ಶಾಖದಲ್ಲಿ ಎಷ್ಟನ್ನು ಅಳತೆ ಮಾಡಿ ಮರಳಿ ಪಡೆದರು ಎಂದು ನೋಡುತ್ತೇನೆ. ಗಂಧಕದ ಚಕ್ರಗಳಾದರೆ, ಆಮ್ಲವನ್ನು ಒಡೆಯುವ ಸಿಲಿಕಾನ್ ಕಾರ್ಬೈಡ್ ಕೊಳವೆಗಳು ಲೋಹದ ಭಾಗಗಳನ್ನು ಸೇರುವ ಸಂದಿಗಳು ಎಷ್ಟು ಗಂಟೆ ಸೋರದೆ ತಾಳಿದವು ಎಂಬುದನ್ನೂ ಗಮನಿಸುತ್ತೇನೆ. ನೂರೈವತ್ತು ಗಂಟೆಯ ದಾಖಲೆ ನಮ್ಮ ಮುಂದಿದೆ. ಸ್ಥಾವರ ಕಟ್ಟುವವರು ಕೇಳುವುದು ಸಾವಿರಾರು ಗಂಟೆಗಳನ್ನು.